ಸೋಲರಿಯದ ಹದಿನೇಳು ಆಟಗಳು

ಗೆದ್ದೆತ್ತಿನ ಬಾಲ ಹಿಡಿಯುವವರು ಲೋಕದಲ್ಲಿ ಬಹು ಮಂದಿ ಉಂಟು. ಆದರೆ ನೊಗ ಹೊರುತ್ತಿದ್ದ ಎತ್ತು ನಡುದಾರಿಯಲ್ಲಿ ಕುಂಟಿದಾಗ ಅದರ ಜಾಗದಲ್ಲಿ ಹೆಗಲು ಕೊಟ್ಟ ಮುದಿಯೆತ್ತು ಯಾವುದೆಂದು ವಿಚಾರಿಸುವವರು ಕಡಮೆ. ಅಮೆರಿಕದ ಆಟದ ಬಯಲಿನಲ್ಲಿ ೧೯೭೨ನೆಯ ಇಸವಿಯಲ್ಲಿ ಒಂದು ತಂಡವು ಆಡಿದ ಹದಿನೇಳು ಆಟಗಳನ್ನೂ ಗೆದ್ದು, ಇನ್ನೊಂದು ತಂಡವು ಇಂದಿನವರೆಗೂ ಮುಟ್ಟಲಾರದ ಕೀರ್ತಿಯನ್ನು ಪಡೆಯಿತು. ಆ ಹದಿನೇಳರಲ್ಲಿ ಹೆಚ್ಚಿನ ಪಾಲನ್ನು ನಡೆಯಿಸಿಕೊಟ್ಟವನು ತಂಡದ ನಾಯಕನಲ್ಲ. ನಾಯಕನ ಬದಲಿಗೆ ನಿಂತ ಮೂವತ್ತೆಂಟು ವಯಸ್ಸಿನ ಒಬ್ಬ ಆಟಗಾರ. ಆತನ ವೃತ್ತಾಂತವನ್ನೂ ಆ ತಂಡದ ವೃತ್ತಾಂತವನ್ನೂ ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಆಟದ ವಿಷಯವಾಗಿ ಎರಡು ಮಾತು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಊರುಗಳ ಕಾಲ್ಚೆಂಡಾಟವಲ್ಲ. ಅಲ್ಲಿಯ ಚೆಂಡಿನ ಎರಡು ತುದಿಗಳೂ ಚೂಪು. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಪಕ್ಷಕ್ಕೆ ಹನ್ನೊಂದು ಮಂದಿ. ಬಯಲಿನ ಉದ್ದ ನೂರು ಗಜ. ಚೆಂಡುಳ್ಳ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುವುದು. ಚೆಂಡನ್ನು ಎದುರಾಳಿಗಳ ಕೊನೆಯ ಗೆರೆಯಾಚೆಗೆ ಒಯ್ದರೆ ಆರು ಅಂಕ. ಇದಕ್ಕೆ ಟಚ್‌ಡೌನ್ ಎಂದು ಹೆಸರು. ಆ ಬಳಿಕ ಕಂಬಗಳ ನಡುವೆ ಒದ್ದು ದಾಟಿಸಿದರೆ ಇನ್ನೊಂದು ಅಂಕ. ಗೆರೆ ಮುಟ್ಟಲಾಗದೆ ದೂರದಿಂದಲೇ ಒದ್ದು ದಾಟಿಸಿದರೆ ಮೂರು. ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಕೊಡಬೇಕು, ಯಾರಿಗೆ ಎಸೆಯಬೇಕು ಎಂದು ಕ್ಷಣಾರ್ಧದಲ್ಲಿ ನಿರ್ಣಯಿಸುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಮನೆಗೆ ಯಜಮಾನನಿದ್ದಂತೆ ತಂಡಕ್ಕೆ ಅವನು.

ಮಯಾಮಿಯು ಫ್ಲಾರಿಡಾ ಸಂಸ್ಥಾನದ ಕಡಲ ತೀರದ ಪಟ್ಟಣ. ಅಲ್ಲಿ ೧೯೬೬ರಲ್ಲಿ ಹುಟ್ಟಿದ ತಂಡಕ್ಕೆ ಡಾಲ್ಫಿನ್ಸ್ ಎಂದು ಹೆಸರು. ಮೊದಲ ವರ್ಷಗಳಲ್ಲಿ ಅದು ಸೋಲಿಗೆ ಹೆಸರಾಗಿತ್ತು. ೧೯೬೯ರಲ್ಲಿ ಆಡಿದ ಹದಿನಾಲ್ಕು ಆಟಗಳಲ್ಲಿ ಗೆದ್ದುದು ಮೂರೇ ಮೂರು. ಮರುವರ್ಷ ಡಾನ್ ಷೂಲಾ ಎಂಬಾತನು ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಬಿಟ್ಟು ಇಲ್ಲಿಗೆ ಗುರುವಾಗಿ ಬಂದನು. ಬಂದ ವರ್ಷವೇ ಗೆಲುವು ಹತ್ತಕ್ಕೇರಿತು. ಎರಡನೆಯ ವರ್ಷದ ಕೊನೆಗೆ ತಂಡವು ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನೇ ಮುಟ್ಟಿತು. ಆದರೆ ೧೯೭೨ನೆಯ ಜನವರಿ ೧೬ರಂದು ಡಲ್ಲಾಸಿನವರು ಅದನ್ನು ೨೪–೩ರಿಂದ ಮಣ್ಣುಗೂಡಿಸಿದರು. ಷೂಲಾ ಬಾಲ್ಟಿಮೋರಿನಲ್ಲಿದ್ದಾಗಲೂ ೧೯೬೯ರಲ್ಲಿ ಇಂತಹದೇ ಅಂತಿಮ ಪಂದ್ಯವನ್ನು ಸೋತಿದ್ದನು. ಎರಡು ಸಾರಿ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ಮನುಷ್ಯನ ಮನಸ್ಸಿನಲ್ಲಿ ಏನಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

೧೯೬೯ರ ಆ ಸೋಲಿನಲ್ಲಿ ಷೂಲಾನೊಂದಿಗೆ ಕಹಿಯನ್ನು ಹಂಚಿಕೊಂಡವನು ಅರ್ಲ್ ಮೋರಾಲ್. ಬಾಲ್ಟಿಮೋರಿನ ಪ್ರಸಿದ್ಧ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸನ ತೋಳಿಗೆ ನೋವಾದುದರಿಂದ ೧೯೬೮ರ ಋತುವೆಲ್ಲ ಅವನ ಸ್ಥಾನದಲ್ಲಿ ಆಡಿ, ಆ ವರ್ಷದ ಅತ್ಯುತ್ತಮ ಆಟಗಾರನೆಂಬ ಬಿರುದನ್ನು ಈತನು ಪಡೆದಿದ್ದನು. ಆದರೆ ಅಂತಿಮ ಪಂದ್ಯದ ಮೊದಲರ್ಧದಲ್ಲಿ ಆತನು ಎಸೆದ ಮೂರು ಚೆಂಡುಗಳು ಎದುರಾಳಿಗಳ ಕೈಗೆ ಸಿಕ್ಕವು. ಷೂಲಾ ಆತನನ್ನು ಹೊರಕ್ಕೆ ಕೂರಿಸಿ, ನೋಯುವ ತೋಳಿನ ಯುನೈಟಸನನ್ನೇ ಕಳುಹಿಸಿದನು. ಆದರೂ ನ್ಯೂಯಾರ್ಕ್ ಜೆಟ್ಸ್ ತಂಡವು ೧೬–೭ರಿಂದ ಗೆದ್ದಿತು. ಇದೆಲ್ಲ ನಡೆದುದು ಮಯಾಮಿಯ ಆರೆಂಜ್ ಬೌಲ್ ಎಂಬ ಬಯಲಿನಲ್ಲಿ. ಮೂರು ವರ್ಷಗಳ ಬಳಿಕ, ೧೯೭೨ರ ವಸಂತದಲ್ಲಿ, ಬಾಲ್ಟಿಮೋರಿನವರು ಮೋರಾಲ್ ಇನ್ನು ಬೇಡವೆಂದು ಬಿಟ್ಟುಕೊಟ್ಟರು. ಷೂಲಾ ನೂರು ಡಾಲರ್ ಶುಲ್ಕ ಕಟ್ಟಿಸಿ ಆತನನ್ನು ಅದೇ ಮಯಾಮಿಗೆ ಕರೆಯಿಸಿಕೊಂಡನು. ಹಿಂದೆ ತಾನೇ ಎಬ್ಬಿಸಿ ಕೂರಿಸಿದ್ದವನನ್ನು ಗುರುವು ಮತ್ತೆ ಕರೆದುದು ಒಂದು ವಿಶೇಷ. ಕರೆದಾಗ ಆತನು ಬಂದುದು ಇನ್ನೊಂದು ವಿಶೇಷ.

ಋತುವಿನ ಮೊದಲನೆಯ ಆಟ ಸೆಪ್ಟೆಂಬರ್ ೧೭ರಂದು ಕಾನ್ಸಾಸ್ ಸಿಟಿಯಲ್ಲಿ. ಅಲ್ಲಿಯವರು ಹೊಸದಾಗಿ ಕಟ್ಟಿದ ಬಯಲಿನಲ್ಲಿ ನಡೆದ ಮೊದಲ ಲೆಕ್ಕದ ಪಂದ್ಯವದು. ಮಯಾಮಿಯವರು ೨೦–೧೦ರಿಂದ ಗೆದ್ದು ಗೃಹಪ್ರವೇಶದ ಸಂಭ್ರಮವನ್ನು ಕೆಡಿಸಿದರು. ಮುಂದಿನ ವಾರ ಹ್ಯೂಸ್ಟನ್ ತಂಡವು ೩೪–೧೩ರಿಂದ ಸೋತಿತು. ಮೂರನೆಯದು ಮಿನಸೋಟದಲ್ಲಿ. ಕೊನೆಯ ಕಾಲುಭಾಗದಲ್ಲಿ ಮಯಾಮಿ ೬–೧೪ರಿಂದ ಹಿಂದುಳಿದಿತ್ತು. ಸೈಪ್ರಸ್ ದ್ವೀಪದಲ್ಲಿ ಹುಟ್ಟಿದ ಗ್ಯಾರೋ ಯೆಪ್ರೀಮಿಯನ್ ಎಂಬ ಕುಳ್ಳ ಒದೆಗಾರನು ೫೧ ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು ದಾಟಿಸಿದನು. ಆಟ ಮುಗಿಯುವುದಕ್ಕೆ ಎರಡು ನಿಮಿಷವೂ ಇಲ್ಲದಿರುವಾಗ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಎಸೆದ ಚೆಂಡನ್ನು ಜಿಮ್ ಮ್ಯಾಂಡಿಚ್ ಗೆರೆಯಾಚೆ ಹಿಡಿದನು, ೧೬–೧೪. ನಾಲ್ಕನೆಯ ಆಟದಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡವನ್ನು ಅದರ ಮನೆಯಲ್ಲೇ ೨೭–೧೭ರಿಂದ ಸೋಲಿಸಿದರು.

ಐದನೆಯದು ಅಕ್ಟೋಬರ್ ೧೫ರಂದು ಸ್ವಂತ ಊರಿನಲ್ಲಿ, ಸ್ಯಾನ್ ಡಿಯೇಗೋ ತಂಡದೊಂದಿಗೆ. ಆಟ ಆರಂಭವಾಗಿ ಬಹಳ ಹೊತ್ತಾಗಿರಲಿಲ್ಲ. ಚೆಂಡನ್ನು ಎಸೆಯುತ್ತಿದ್ದ ಗ್ರೀಸಿಯ ಮೇಲೆ ಎದುರಾಳಿಗಳಿಬ್ಬರು ಬಿದ್ದರು. ಬಲಗಾಲಿನ ಎಲುಬು ಮುರಿಯಿತು. ಹರಡು ಕೀಲು ತಪ್ಪಿತು. ಆತನನ್ನು ಹೊತ್ತೊಯ್ದ ಮೇಲೆ ಬಯಲಿಗಿಳಿದವನು ಅರ್ಲ್ ಮೋರಾಲ್. ಮೂರು ವರ್ಷಗಳ ಹಿಂದೆ ಮಾನ ಕಳೆದುಕೊಂಡ ಅದೇ ನೆಲದ ಮೇಲೆ, ಇನ್ನೊಬ್ಬರ ತಂಡವನ್ನು ಮತ್ತೊಮ್ಮೆ ಹೆಗಲ ಮೇಲೆ ಹೊರುವ ಕಾಲ ಆತನಿಗೆ ಬಂದಿತು. ಆ ದಿನ ೨೪–೧೦ರಿಂದ ಗೆಲುವಾಯಿತು.

ಆದರೆ ಒಂದು ದಿನದ ಗೆಲುವಿನಿಂದ ಧೈರ್ಯ ಹುಟ್ಟುವುದಿಲ್ಲ. ಮುಂದಿನ ವಾರ ಬಫೆಲೋ ತಂಡದ ಎದುರು ಉಳಿದುಕೊಂಡುದು ಒಂದೇ ಅಂಕದಿಂದ, ೨೪–೨೩. ಅಂದು ಮ್ಯಾನಿ ಫರ್ನಾಂಡೆಸ್ ಎಂಬ ರಕ್ಷಕನು ಎದುರಾಳಿಗಳಲ್ಲಿ ಒಬ್ಬನು ಇನ್ನೊಬ್ಬನ ಕೈಗೆ ಕೊಡುತ್ತಿದ್ದ ಚೆಂಡನ್ನು ನಡುವೆಯೇ ಕಸಿದುಕೊಂಡನು. ಯೆಪ್ರೀಮಿಯನ್ ೫೪ ಗಜದಿಂದ ಒದ್ದು ಗೆದ್ದನು. ಏಳನೆಯ ಆಟ ಬಾಲ್ಟಿಮೋರಿನಲ್ಲಿ. ಬೇಡವೆಂದು ಕಳುಹಿಸಿದವರ ಊರಿಗೇ ಮೋರಾಲ್ ಹೋದನು, ೨೩–೦. ಅವರಿಗೆ ಒಂದು ಅಂಕವೂ ದಕ್ಕಲಿಲ್ಲ. ಎಂಟನೆಯದರಲ್ಲಿ ಬಫೆಲೋ ೩೦–೧೬ರಿಂದ ಸೋತಿತು. ಒಂಬತ್ತನೆಯದು ನ್ಯೂ ಇಂಗ್ಲೆಂಡ್ ತಂಡದ ಎದುರು ೫೨–೦. ಇದು ಗುರುವಾಗಿ ಷೂಲಾನಿಗೆ ನೂರನೆಯ ಜಯ.

ಹತ್ತನೆಯ ಆಟದಲ್ಲಿ ಮತ್ತೆ ನ್ಯೂಯಾರ್ಕ್ ಜೆಟ್ಸ್. ೧೯೬೯ರಲ್ಲಿ ಮೋರಾಲನ ತಂಡವನ್ನು ಸೋಲಿಸಿದ ಜೋ ನೇಮತ್ ಎದುರಿಗಿದ್ದನು. ಬಯಲು ಅದೇ ಆರೆಂಜ್ ಬೌಲ್. ಮಯಾಮಿ ಹಿಂದೆ ಬಿದ್ದಿತ್ತು. ಎಸೆಯುವುದಕ್ಕೆ ಯಾರೂ ಬಿಡುವಾಗಿ ಸಿಕ್ಕದಿರಲು, ಓಟಕ್ಕೆ ಹೆಸರಾಗದ ಆ ಮೂವತ್ತೆಂಟರ ಕಾಲುಗಳು ತಾವೇ ಚೆಂಡನ್ನು ಹೊತ್ತು ೩೧ ಗಜ ಓಡಿ ಗೆರೆ ಮುಟ್ಟಿಸಿದುವು. ೨೮–೨೪. ಇದರಿಂದ ತಮ್ಮ ವಿಭಾಗದ ಅಗ್ರಸ್ಥಾನ ಮಯಾಮಿಗೆ ಖಚಿತವಾಯಿತು. ನಾಲ್ಕು ಆಟಗಳು ಉಳಿದಿದ್ದುವು: ಸೇಂಟ್ ಲೂಯಿಸ್ ೩೧–೧೦, ನ್ಯೂ ಇಂಗ್ಲೆಂಡ್ ೩೭–೨೧, ನ್ಯೂಯಾರ್ಕಿನ ಇನ್ನೊಂದು ತಂಡವಾದ ಜಯಂಟ್ಸ್ ೨೩–೧೩. ಕೊನೆಯದು ಡಿಸೆಂಬರ್ ೧೬ರಂದು ಮತ್ತೆ ಬಾಲ್ಟಿಮೋರ್, ೧೬–೦. ಹಳೆಯ ಯಜಮಾನರ ಎದುರು ಎರಡು ಆಟ. ಅವರಿಗೆ ಎರಡರಲ್ಲೂ ಸೊನ್ನೆ. ಆ ದಿನ ಕಾಲು ಕೂಡಿದ ಗ್ರೀಸಿಯು ಸ್ವಲ್ಪ ಹೊತ್ತು ಬಯಲಿಗೆ ಬಂದು ಹೋದನು.

ಹದಿನಾಲ್ಕು ಆಟಗಳಲ್ಲಿ ಮಯಾಮಿ ಗಳಿಸಿದುದು ೩೮೫ ಅಂಕ, ಕೊಟ್ಟುದು ೧೭೧. ಚೆಂಡನ್ನು ಹೊತ್ತು ಓಡುವುದರಲ್ಲಿ ಲ್ಯಾರಿ ಜಾಂಕಾ ೧,೧೧೭ ಗಜಗಳನ್ನೂ ಮರ್ಕ್ಯುರಿ ಮೋರಿಸ್ ಸರಿಯಾಗಿ ೧,೦೦೦ ಗಜಗಳನ್ನೂ ಕ್ರಮಿಸಿದರು. ಒಂದೇ ತಂಡದ ಇಬ್ಬರು ಒಂದೇ ಋತುವಿನಲ್ಲಿ ಸಾವಿರ ಮುಟ್ಟಿದುದು ಅದೇ ಮೊದಲು. ಇನ್ನು ರಕ್ಷಣೆಯ ಪಂಕ್ತಿಗೆ ಬಂದ ಹೆಸರಂತೂ ವಿಚಿತ್ರ. ಹಿಂದಿನ ಅಂತಿಮ ಪಂದ್ಯದ ಮೊದಲು ಡಲ್ಲಾಸಿನ ಗುರುವು, ಮಯಾಮಿಯ ರಕ್ಷಕರ ಹೆಸರುಗಳು ತನಗೆ ನೆನಪಿಗೆ ಬರುವುದಿಲ್ಲವೆಂದು ಹೇಳಿದ್ದನು. ಅಂದಿನಿಂದ ಅವರಿಗೆ ‘ಹೆಸರಿಲ್ಲದ ರಕ್ಷಕರು’ ಎಂದೇ ಬಿರುದಾಯಿತು. ಅವರು ಅದನ್ನು ಅಪಮಾನವೆಂದೆಣಿಸದೆ ಆಭರಣದಂತೆ ಧರಿಸಿದರು.

ಇನ್ನು ಉಳಿದುದು ಸೋತವನು ಮನೆಗೆ ಹೋಗಬೇಕಾದ ಪಂದ್ಯಗಳು. ಡಿಸೆಂಬರ್ ೨೪ರಂದು ಕ್ಲೀವ್ಲೆಂಡ್ ತಂಡವು ಕೊನೆಯ ಕಾಲುಭಾಗದಲ್ಲಿ ೧೪–೧೩ರಿಂದ ಮುಂದಾಯಿತು. ಒಂದು ಕಾಲದಲ್ಲಿ ಅದೇ ಕ್ಲೀವ್ಲೆಂಡಿನವನಾಗಿದ್ದ ಪಾಲ್ ವಾರ್‌ಫೀಲ್ಡನ ಕಡೆಗೆ ಮೋರಾಲ್ ಚೆಂಡುಗಳನ್ನು ಎಸೆದು ಮುಂದೊತ್ತಿದನು, ಜಿಮ್ ಕೀಕ್ ಎಂಟು ಗಜ ಓಡಿ ಗೆರೆ ದಾಟಿದನು, ೨೦–೧೪.

ಮುಂದಿನದು ಡಿಸೆಂಬರ್ ೩೧ರಂದು ಪಿಟ್ಸ್‌ಬರ್ಗಿನಲ್ಲಿ. ಒಂದನ್ನೂ ಸೋಲದ ತಂಡವು ಸೋತಿದ್ದ ತಂಡದ ಊರಿಗೇಕೆ ಹೋಗಬೇಕೆಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಪಂದ್ಯದ ಸ್ಥಳವು ಗೆಲುವಿನ ಲೆಕ್ಕದಿಂದಲ್ಲದೆ ಸರದಿಯ ಪ್ರಕಾರ ನಿರ್ಣಯವಾಗುತ್ತಿತ್ತು. ಮೊದಲು ಪಿಟ್ಸ್‌ಬರ್ಗ್ ಏಳು ಅಂಕ ಗಳಿಸಿತು. ಆಮೇಲೆ ಚೆಂಡನ್ನು ದೂರಕ್ಕೆ ಒದೆದು ಒಪ್ಪಿಸಿಬಿಡಬೇಕಾಗಿದ್ದ ಲ್ಯಾರಿ ಸೈಪಲ್, ಎದುರಾಳಿಗಳು ಬೆನ್ನು ತಿರುಗಿಸಿದುದನ್ನು ಕಂಡು, ಒದೆಯದೆ ೩೭ ಗಜ ಓಡಿಬಿಟ್ಟನು. ಅದರ ಬೆನ್ನಿಗೆ ಮೋರಾಲ್ ಎಸೆದ ಚೆಂಡನ್ನು ಜಾಂಕಾ ಹಿಡಿದು ಏಳಕ್ಕೆ ಏಳು ಮಾಡಿದನು. ಆದರೆ ಉತ್ತರಾರ್ಧದಲ್ಲಿ ಆಟ ಜಡವಾಗಿ ಸಾಗುತ್ತಿರಲು ಷೂಲಾ ಗ್ರೀಸಿಯನ್ನು ಕರೆದನು. ಹತ್ತು ವಾರಗಳಿಗಿಂತ ಹೆಚ್ಚಾಗಿ ತಂಡವನ್ನು ಒಂದು ಸೋಲೂ ಇಲ್ಲದೆ ತಂದವನಿಗೆ, ಮೆಟ್ಟಿಲ ಕೊನೆಯಲ್ಲಿ, ಪಕ್ಕಕ್ಕೆ ನಿಲ್ಲೆಂಬ ಅಪ್ಪಣೆ ಆಯಿತು. ಅಪ್ಪಣೆ ಮಾಡಿದವನು ೧೯೬೯ರಲ್ಲಿ ಮಾಡಿದವನೇ. ಗ್ರೀಸಿ ಎಸೆದ ಚೆಂಡನ್ನು ವಾರ್‌ಫೀಲ್ಡ್ ೫೨ ಗಜ ಒಯ್ದನು; ಕೀಕ್ ಎರಡು ಸಾರಿ ಗೆರೆ ಮುಟ್ಟಿದನು; ಮಯಾಮಿ ೨೧–೧೭ರಿಂದ ಗೆದ್ದಿತು.

ಹದಿನೇಳನೆಯ ಆಟ, ಸೂಪರ್ ಬೌಲ್, ೧೯೭೩ನೆಯ ಜನವರಿ ೧೪ರಂದು ಲಾಸ್ ಏಂಜಲಿಸಿನಲ್ಲಿ ವಾಷಿಂಗ್ಟನ್ ತಂಡದ ಮೇಲೆ. ತೊಂಬತ್ತು ಸಾವಿರ ಜನ ಸೇರಿದ್ದರು. ಗ್ರೀಸಿಯೇ ಆಡಿದನು. ಮೊದಲರ್ಧ ಮುಗಿಯುವ ಹೊತ್ತಿಗೆ ೧೪–೦. ಹೆಸರಿಲ್ಲದವರಲ್ಲೊಬ್ಬನಾದ ಜೇಕ್ ಸ್ಕಾಟ್ ಎದುರಾಳಿಗಳು ಎಸೆದ ಚೆಂಡುಗಳೆರಡನ್ನು ಹಿಡಿದು, ಆ ಪಂದ್ಯದ ಶ್ರೇಷ್ಠ ಆಟಗಾರನೆಂಬ ಹೆಸರನ್ನೇ ಪಡೆದನು. ಕೊನೆಗೆ ಎರಡು ನಿಮಿಷ ಚಿಲ್ಲರೆ ಉಳಿದಿರಲು ಯೆಪ್ರೀಮಿಯನ್ ಮೂರು ಅಂಕಕ್ಕಾಗಿ ಒದೆಯಲು ಬಂದನು. ಅದು ದಾಟಿದ್ದರೆ ಹದಿನೇಳು ಗೆಲುವಿಗೆ ಸರಿಯಾಗಿ ಹದಿನೇಳು ಅಂಕ! ಒದೆಯುವುದಕ್ಕೆ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಹಿಡಿದವನು ಯಾರು? ಅರ್ಲ್ ಮೋರಾಲ್. ಸ್ಥಾನ ಕಳೆದುಕೊಂಡವನು ಮುನಿಸಿಕೊಂಡು ಮೂಲೆಗೆ ಸೇರದೆ, ಮಂಡಿಯೂರಿ ಅಷ್ಟು ಸಣ್ಣ ಕೆಲಸಕ್ಕೂ ಒದಗಿದ್ದನು. ಆದರೆ ಒದ್ದ ಚೆಂಡು ಎದುರಾಳಿಯ ಕೈಗೆ ತಾಗಿ ಹಿಂದಕ್ಕೆ ಬಂದಿತು. ಯೆಪ್ರೀಮಿಯನ್ ಗಾಬರಿಯಿಂದ ಅದನ್ನೆತ್ತಿ ಎಸೆಯಹೋದನು. ಚೆಂಡು ಕೈಜಾರಿ ಮೇಲೆದ್ದಿತು. ವಾಷಿಂಗ್ಟನ್ನಿನ ಮೈಕ್ ಬಾಸ್ ಅದನ್ನು ಹಿಡಿದು ಓಡಿ ಟಚ್‌ಡೌನ್ ಮಾಡಿದನು. ೧೪–೭. ಉಳಿದ ಎರಡು ನಿಮಿಷಗಳು ಎರಡು ಯುಗಗಳಾದುವು. ಕೊನೆಗೂ ರಕ್ಷಕರು ಬಿಡಲಿಲ್ಲ. ಹದಿನೇಳು ಗೆಲುವು ಪೂರ್ಣವಾಯಿತು.

ಇದಕ್ಕೆ ಮೊದಲು ಚಿಕಾಗೋ ಬೇರ್ಸ್ ತಂಡವು ೧೯೩೪ರಲ್ಲಿಯೂ ೧೯೪೨ರಲ್ಲಿಯೂ ಋತುವೆಲ್ಲ ಸೋಲದೆ ಬಂದು ಅಂತಿಮ ಪಂದ್ಯದಲ್ಲಿ ಮುಗ್ಗರಿಸಿತ್ತು. ೨೦೦೭ರ ಋತುವಿನಲ್ಲಿ ನ್ಯೂ ಇಂಗ್ಲೆಂಡ್ ತಂಡವು ಹದಿನೆಂಟನ್ನು ಗೆದ್ದು ಹತ್ತೊಂಬತ್ತನೆಯದರಲ್ಲಿ, ಸೂಪರ್ ಬೌಲಿನಲ್ಲೇ, ೧೭–೧೪ರಿಂದ ಸೋತಿತು. ಮಯಾಮಿಯ ಹದಿನೇಳು ಹಾಗೆಯೇ ನಿಂತಿದೆ. ಜಯದ ನಲವತ್ತು ವರ್ಷಗಳ ಮೇಲೆ, ೨೦೧೩ರಲ್ಲಿ, ಆ ತಂಡದವರನ್ನು ಅಧ್ಯಕ್ಷ ಒಬಾಮ ಶ್ವೇತಭವನಕ್ಕೆ ಕರೆಯಿಸಿ ಗೌರವಿಸಿದನು.

ಆದರೆ ಈ ಕೀರ್ತಿಗೆ ತೆತ್ತ ಬೆಲೆಯನ್ನು ಹೇಳದೆ ಬಿಟ್ಟರೆ ವೃತ್ತಾಂತವು ಅರೆಯಾಗುವುದು. ಮೋರಾಲ್ ೨೦೧೪ರಲ್ಲಿ ತೀರಿಕೊಂಡ ಮೇಲೆ ವೈದ್ಯರು ಆತನ ಮಿದುಳನ್ನು ಪರೀಕ್ಷಿಸಿದರು. ಆಟದ ಬಯಲಿನಲ್ಲಿ ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಬರುವ ವ್ಯಾಧಿಯು ಅದರಲ್ಲಿ ತೀವ್ರವಾಗಿ ಬೆಳೆದಿದ್ದುದು ಕಂಡುಬಂದಿತು. ರಕ್ಷಕರ ಮುಖಂಡನಾಗಿದ್ದ ನಿಕ್ ಬ್ಯುಒನಿಕಾಂಟಿಯೂ ಮುಪ್ಪಿನಲ್ಲಿ ಮರೆವಿನಿಂದ ಬಳಲಿ, ತನ್ನ ಮಿದುಳನ್ನು ಇಂತಹ ಸಂಶೋಧನೆಗೆ ಕೊಡುವುದಾಗಿ ೨೦೧೭ರಲ್ಲಿ ತಿಳಿಸಿದನು, ೨೦೧೯ರಲ್ಲಿ ಮೃತನಾದನು. ಜನರು ಚಪ್ಪಾಳೆ ತಟ್ಟಿ ಮನೆಗೆ ಹೋದ ಮೇಲೆಯೂ ಆ ಪೆಟ್ಟುಗಳು ಅವರೊಂದಿಗೆ ಉಳಿದುವು. ಮಕ್ಕಳನ್ನು ಬಯಲಿಗೆ ಕಳುಹಿಸುವ ತಂದೆತಾಯಿಗಳು ಗೆಲುವಿನ ಲೆಕ್ಕದ ಜೊತೆಗೆ ಈ ಲೆಕ್ಕವನ್ನೂ ತಿಳಿದಿರುವುದು ಲೇಸು.

ಗ್ರೀಸಿ, ಜಾಂಕಾ, ವಾರ್‌ಫೀಲ್ಡ್, ಬ್ಯುಒನಿಕಾಂಟಿ, ಗುರು ಷೂಲಾ, ಇವರ ಹೆಸರುಗಳು ಆ ಆಟದ ಕೀರ್ತಿಮಂದಿರದಲ್ಲಿ ಸೇರಿವೆ. ಮೋರಾಲನ ಹೆಸರು ಅಲ್ಲಿಲ್ಲ. ಹದಿನೇಳರಲ್ಲಿ ಹನ್ನೊಂದನ್ನು ಆರಂಭಿಸಿ ನಡೆಯಿಸಿದವನು ಅವನೇ. ಪ್ರತಿಯೊಂದು ಮನೆಯಲ್ಲಿಯೂ ಇಂತಹವರು ಇದ್ದೇ ಇರುತ್ತಾರೆ. ಯಜಮಾನನು ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಅಂಗಡಿಯ ಬಾಗಿಲು ತೆರೆಯುವ ಚಿಕ್ಕಪ್ಪ, ಬಾಣಂತನಕ್ಕೆ ಬಂದು ಮೂರು ತಿಂಗಳು ಒಲೆಯ ಮುಂದೆ ನಿಂತು ಸದ್ದಿಲ್ಲದೆ ಊರಿಗೆ ಹಿಂದಿರುಗುವ ಸೋದರತ್ತೆ. ಆಪತ್ತಿಗಾದವನೇ ನೆಂಟನೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆಪತ್ತಿಗೆ ಆಗುವುದು ಕಷ್ಟವೇ ಸರಿ. ಆಪತ್ತು ಕಳೆದ ಮೇಲೆ ಎದೆಯಲ್ಲಿ ಕಹಿಯಿಲ್ಲದೆ ಜಾಗ ಬಿಟ್ಟುಕೊಡುವುದು ಅದಕ್ಕಿಂತಲೂ ಕಷ್ಟ. ಅರ್ಲ್ ಮೋರಾಲ್ ಎರಡನ್ನೂ ಮಾಡಿದನು.