ಜಾಲವಿಳಾಸಗಳ ಮರುನಿರ್ದೇಶನ ಮತ್ತು ಅದರ ಪರೀಕ್ಷೆ

ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸರು 1889ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ ಅನೇಕ ಶಾಸನಗಳ ಕ್ರಮಸಂಖ್ಯೆ ಬದಲಾಯಿತು. ಹಳೆಯ ಸಂಖ್ಯೆಯ ಅಡಿಟಿಪ್ಪಣಿಯನ್ನು ನಂಬಿ ಹೊಸ ಸಂಪುಟವನ್ನು ತೆರೆಯುವ ವಿದ್ಯಾರ್ಥಿಯು ಬೇರೊಂದು ಶಾಸನವನ್ನೇ ಓದುವ ಸಂಭವವುಂಟು. ಆಕರಗಳನ್ನು ಜಾಲವಿಳಾಸಗಳಿಂದ ಉಲ್ಲೇಖಿಸುವ ಈ ಕಾಲದಲ್ಲಿಯೂ ಅದೇ ತೊಡಕು ಇದೆ. ಅದಕ್ಕೆ ಪರಿಹಾರವಾದ ಮರುನಿರ್ದೇಶನವನ್ನು ಪರೀಕ್ಷಾಯೋಗ್ಯವಾಗಿ ರಚಿಸುವ ಕ್ರಮವನ್ನು ಇಲ್ಲಿ ವಿವೇಚಿಸಲಾಗಿದೆ.

ಹಳೆಯ ವಿಳಾಸವನ್ನು ಕೇಳಿದ ಬ್ರೌಸರಿಗೆ ಸರ್ವರು ಒಂದು ಸಂಕೇತಸಂಖ್ಯೆಯನ್ನೂ ಹೊಸ ವಿಳಾಸವನ್ನೂ ಕೊಡುತ್ತದೆ. 301 ಎಂದರೆ ಸ್ಥಳಾಂತರವು ಶಾಶ್ವತ. 302 ಎಂದರೆ ತಾತ್ಕಾಲಿಕ. 301ನ್ನು ಬ್ರೌಸರು ನೆನಪಿಟ್ಟುಕೊಳ್ಳಬಹುದಾದ ಕಾರಣ, ತಪ್ಪು ನಿರ್ದೇಶನವನ್ನು ಸರ್ವರಿನಲ್ಲಿ ತಿದ್ದಿದ ಮೇಲೆಯೂ ಓದುಗನು ತಪ್ಪುದಾರಿಯಲ್ಲಿಯೇ ಸಾಗಬಹುದು. ಆದಕಾರಣ ಪರೀಕ್ಷೆಯು ಪ್ರಕಟಣೆಗೆ ಮೊದಲೇ ನಡೆಯತಕ್ಕದ್ದು.

ಮರುನಿರ್ದೇಶನದ ನಿಯಮಗಳು ಪ್ರತಿಯೊಂದು ಪುಟದ ಕೋಡಿನಲ್ಲಿಯೂ ಚದರಿಹೋಗಿದ್ದರೆ, ಇಡೀ ಸರ್ವರನ್ನು ನಡೆಸದೆ ಅವುಗಳನ್ನು ಪರೀಕ್ಷಿಸಲಾಗದು. ಆದುದರಿಂದ ನಿರ್ಣಯವನ್ನೂ ರವಾನೆಯನ್ನೂ ಬೇರ್ಪಡಿಸಬೇಕು. ನಿರ್ಣಯದ ಫಂಕ್ಷನ್ನು ಹಳೆಯ ವಿಳಾಸವನ್ನೂ ಹಳೆಯ-ಹೊಸ ವಿಳಾಸಗಳ ಕೋಷ್ಟಕವನ್ನೂ ಪಡೆದು, ಸಂಕೇತಸಂಖ್ಯೆಯನ್ನೂ ಹೊಸ ವಿಳಾಸವನ್ನೂ ಹಿಂದಿರುಗಿಸುತ್ತದೆ. ಕೋಷ್ಟಕದಲ್ಲಿ ಇಲ್ಲದಿದ್ದರೆ ‘ಇಲ್ಲ’ ಎನ್ನುತ್ತದೆ. ಅದು ಜಾಲವನ್ನಾಗಲಿ ದತ್ತಾಂಶಕೋಶವನ್ನಾಗಲಿ ಮುಟ್ಟುವುದಿಲ್ಲ. ಆ ಉತ್ತರವನ್ನು ಬ್ರೌಸರಿಗೆ ಕಳುಹಿಸುವುದಷ್ಟೇ ಎರಡನೆಯ ಭಾಗದ ಕೆಲಸ. ಹೀಗೆ ಮಾಡಿದರೆ ಸಾವಿರಾರು ವಿಳಾಸಗಳನ್ನು ಸರ್ವರಿಲ್ಲದೆಯೇ ಕ್ಷಿಪ್ರವಾಗಿ ಪರೀಕ್ಷಿಸಬಹುದು. ರವಾನೆಗೆ ನೈಜ ಸರ್ವರಿನ ಮೇಲೆ ಕೆಲವೇ ಪರೀಕ್ಷೆಗಳು ಸಾಕು.

ಕಲ್ಪಿತ ನಿದರ್ಶನವೊಂದನ್ನು ನೋಡೋಣ: ‘/ಶಾಸನ/52?ಪುಟ=3’ ಎಂಬ ವಿಳಾಸವು ‘/ಬೆಳಗೊಳ/117?ಪುಟ=3’ ಆಗಬೇಕು. ಇಲ್ಲಿ ಪರೀಕ್ಷಿಸತಕ್ಕ ಅಂಶಗಳು ನಾಲ್ಕು. ಮೊದಲನೆಯದು, ಗುರಿಯು ಸರಿಯಾಗಿದ್ದು ಪುಟಸಂಖ್ಯೆಯು ಉಳಿದಿರಬೇಕು. ಎರಡನೆಯದು, ಹೊಸ ವಿಳಾಸವೇ ಕೋಷ್ಟಕದಲ್ಲಿ ಮತ್ತೊಂದು ಹಳೆಯ ವಿಳಾಸವಾಗಿರಬಾರದು. ಇದ್ದರೆ ಓದುಗನು ಒಂದೆಡೆಯಿಂದ ಇನ್ನೊಂದೆಡೆಗೆ ಅಲೆಯುವನು, ಕೆಲವೊಮ್ಮೆ ಕೊನೆಯಿಲ್ಲದ ಸುತ್ತಿನಲ್ಲಿ ಸಿಲುಕುವನು. ಮೂರನೆಯದು, ವಿಳಾಸದೊಳಗೆ ಯಾರಾದರೂ ಸೇರಿಸಿದ ಹೊರತಾಣಕ್ಕೆ ಓದುಗನನ್ನು ಕಳುಹಿಸಕೂಡದು. ವಂಚಕರು ಬಳಸುವ ದಾರಿಯೇ ಅದು. ನಾಲ್ಕನೆಯದು, ಅಪರಿಚಿತ ವಿಳಾಸಕ್ಕೆ ‘ಇಲ್ಲ’ ಎಂಬ ಉತ್ತರವೇ ಬರಬೇಕು.

ಈ ನಾಲ್ಕನೆಯ ಅಂಶವು ಇತಿಹಾಸದ ಅಭ್ಯಾಸಿಗಳಿಗೆ ವಿಶೇಷವಾಗಿ ಗಮನಾರ್ಹ. ಕಾಣೆಯಾದ ಆಕರಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ರೂಢಿಯು ಸೌಜನ್ಯದಂತೆ ತೋರಿದರೂ ನಷ್ಟವನ್ನು ಮರೆಮಾಚುತ್ತದೆ. ಸಿಗದ ಪುಟಕ್ಕೆ 404 ಎಂದೂ, ಬೇಕೆಂದೇ ತೆಗೆದುಹಾಕಿದುದಕ್ಕೆ 410 ಎಂದೂ ಹೇಳುವುದು ಪ್ರಾಮಾಣಿಕವಾದ ಉತ್ತರ. ಆಕರವು ಇಲ್ಲವೆಂದು ತಿಳಿದ ಸಂಶೋಧಕನು ಅದನ್ನು ಬೇರೆಡೆ ಅರಸಬಲ್ಲನು. ಬೇರೊಂದನ್ನು ಅದೆಂದೇ ಭ್ರಮಿಸಿದವನು ಅರಸುವುದೇ ಇಲ್ಲ.