ಯೂರಿಯಾ ಚೀಲದ ಮೇಲಿನ 46

ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ತೆಂಡೆ ಒಡೆಯುವ ಹೊತ್ತಿಗೆ ಶಿವಮೊಗ್ಗ, ಭದ್ರಾವತಿ ಕಡೆಯ ಸೊಸೈಟಿಗಳಲ್ಲಿ ಯೂರಿಯಾದ್ದೇ ಮಾತು. 45 ಕಿಲೊ ಚೀಲದ ಮೇಲೆ ಸಾರಜನಕ ಶೇ 46 ಎಂದು ಅಚ್ಚಾಗಿರುತ್ತದೆ. ಆ ಅಂಕಿಯ ಮೂಲ ಯೂರಿಯಾದ ಅಣುಸೂತ್ರದಲ್ಲೇ ಇದೆ. ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ‘ಎನ್‌ಎಚ್₂’ ಗುಂಪು. ಇಂಗಾಲ 12, ಆಮ್ಲಜನಕ 16, ಒಂದೊಂದು ಗುಂಪೂ 16, ಕೂಡಿದರೆ 60. ಅದರಲ್ಲಿ ಸಾರಜನಕದ ಪಾಲು 28. ಭಾಗಿಸಿ ನೋಡಿ, ಶೇ 46 ದಾಟುತ್ತದೆ. ಹತ್ತನೇ ತರಗತಿಯ ಹುಡುಗಿ ಅಪ್ಪನ ಗೊಬ್ಬರದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲೇ ಮಾಡಬಹುದು.

ಇದೇ ಹುಡುಗಿ ಕೇಳುವ ಪ್ರಶ್ನೆ ಇನ್ನೊಂದಿದೆ. ನೀರು ‘ಎಚ್₂ಒ’, ಜಲಜನಕ ಮೊದಲು. ಅಮೋನಿಯಾ ‘ಎನ್‌ಎಚ್₃’, ಜಲಜನಕ ಕೊನೆಗೆ. ಯಾಕೆ? ‘ಹಾಗೇ ಬರೆಯೋದು, ಬಾಯಿಪಾಠ ಮಾಡು’ ಎಂದು ಕೂರಿಸಿಬಿಡುವುದು ಅನ್ಯಾಯ. ಅಲೋಹಗಳನ್ನು ಯಾವ ಸರದಿಯಲ್ಲಿ ಬರೆಯಬೇಕೆಂದು ರಸಾಯನ ವಿಜ್ಞಾನಿಗಳು ಒಂದು ಪಟ್ಟಿಗೆ ಒಪ್ಪಿಕೊಂಡಿದ್ದಾರೆ. ಅದರಲ್ಲಿ ಜಲಜನಕದ ಜಾಗ ಸಾರಜನಕದ ನಂತರ, ಗಂಧಕ, ಕ್ಲೋರಿನ್, ಆಮ್ಲಜನಕಗಳಿಗಿಂತ ಮುಂಚೆ. ಸರದಿ ಕೇವಲ ಒಪ್ಪಂದ. ಅಂಕಿ ಬರೆಯುವ ಜಾಗವೂ ಅಷ್ಟೆ: ಬರ್ಜೀಲಿಯಸ್ ಅದನ್ನು ಅಕ್ಷರದ ಮೇಲ್ತುದಿಗೆ ಬರೆದ, ಕೆಳಕ್ಕಿಳಿದದ್ದು ಆಮೇಲೆ. ಆದರೆ ಆ 3 ಯಾರ ಒಪ್ಪಿಗೆಗೂ ಕಾದಿಲ್ಲ. ಸಾರಜನಕಕ್ಕೆ ಮೂರು ಕೈ, ಜಲಜನಕಕ್ಕೆ ಒಂದೇ.

ಎರಡು ಸಾರಜನಕಗಳು ಪರಸ್ಪರ ಕೈಹಿಡಿದರೆ ಉಳಿಯುವುದು ಎರಡೆರಡು ಕೈ. ಅದು ‘ಎನ್₂ಎಚ್₄’, ಹೈಡ್ರಜೀನ್. ಉಪಗ್ರಹಗಳ ಪುಟ್ಟ ಥ್ರಸ್ಟರ್‌ಗಳ ಇಂಧನ. ಗಣಿತದ ಅಭ್ಯಾಸದಲ್ಲಿ ಇದನ್ನು ‘ಎನ್‌ಎಚ್₂’ ಎಂದು ಸಂಕ್ಷೇಪಿಸಿದರೆ ವಸ್ತುವೇ ಕಳೆದುಹೋಗುತ್ತದೆ. ‘ಎಚ್‌ಎನ್₃’ ಇನ್ನೊಂದು, ಸಿಡಿಯುವ ಸ್ವಭಾವದ್ದು. ಅದು ಆಮ್ಲವಾದ್ದರಿಂದ ಅಲ್ಲಿ ಜಲಜನಕ ಮುಂದೆ ಬಂದಿದೆ. ಅಮೋನಿಯಾದ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಬರೀ ಒಂದು ಅಂಕ ಹೋಗುವುದಿಲ್ಲ, ಬೇರೆಯದೇ ವಸ್ತುವಿನ ಹೆಸರು ಬರೆದಂತಾಗುತ್ತದೆ.

1923ರಿಂದ ಕಬ್ಬಿಣ ಕರಗಿಸಿದ ಊರು ಭದ್ರಾವತಿ. ಅಲ್ಲಿನ ಶಾಲೆಗಳಲ್ಲಿ ಈ ಪಾಠವನ್ನು ಕಬ್ಬಿಣದಿಂದಲೇ ಶುರುಮಾಡಬೇಕೆಂಬುದು ನನ್ನ ಆಸೆ. ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡುವ ಹೇಬರ್ ವಿಧಾನದಲ್ಲಿ ವೇಗವರ್ಧಕವಾಗಿ ನಿಲ್ಲುವುದು ಕಬ್ಬಿಣವೇ. ಯೂರಿಯಾ ಹುಟ್ಟುವುದು ಆ ಅಮೋನಿಯಾದಿಂದ. ಉಕ್ಕಿನ ಕೆಲಸದಲ್ಲಿ ಇದರ ತಿರುವುಮುರುವೂ ಉಂಟು. ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದ ಬಿಡಿಭಾಗಗಳ ಮೇಲೆ ಅಮೋನಿಯಾ ಹಾಯಿಸಿದರೆ ಅದು ಒಡೆಯುತ್ತದೆ. ಸಾರಜನಕ ಉಕ್ಕಿನ ಮೈಯೊಳಗೆ ಇಳಿದು ಗಟ್ಟಿ ಪದರವಾಗುತ್ತದೆ. ಹೀಗೆ ಒಡೆದ ಪ್ರತಿ ಎರಡು ಅಣು ಅಮೋನಿಯಾದಿಂದ ಮೂರು ಅಣು ಜಲಜನಕ ಹೊರಬೀಳುತ್ತದೆ.