ನೆತ್ತರಿನಲ್ಲಿ ಮಿದುಳಿನ ಸುಳಿವು

ಯಕೃತ್ತು ಕೆಟ್ಟಿದೆಯೆ, ಮೂತ್ರಪಿಂಡ ಕೆಟ್ಟಿದೆಯೆ ಎಂಬುದನ್ನು ಕೊಂಚ ನೆತ್ತರನ್ನು ಪರೀಕ್ಷಿಸಿ ವೈದ್ಯರು ಹೇಳಬಲ್ಲರು. ಚಿತ್ತ ಕೆಟ್ಟಾಗ ಏನನ್ನು ಪರೀಕ್ಷಿಸುವುದು? ಯಾರೂ ಇಲ್ಲದೆಡೆಯಲ್ಲಿ ದನಿಗಳನ್ನು ಕೇಳುವ, ಜೊತೆಯವರೆಲ್ಲರೂ ತನ್ನ ಮೇಲೆ ಸಂಚು ಹೂಡಿರುವರೆಂದು ನಂಬುವ ಸ್ಕಿಜೋಫ್ರೀನಿಯ ರೋಗಿಯ ಮಿದುಳನ್ನು ತೆರೆದು ನೋಡುವಂತಿಲ್ಲ. ದೆವ್ವದ ಕಾಟವೆಂದೋ ಕರ್ಮಫಲವೆಂದೋ ಹೇಳಿ ನಾವು ಸುಮ್ಮನಾಗುವುದುಂಟು. ವಿಜ್ಞಾನಿಗಳು ಸುಮ್ಮನಾಗಲಿಲ್ಲ.

1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ರ‍್ಯಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ನೆತ್ತರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಅದಕ್ಕೆ ಸೆರೊಟೋನಿನ್ ಎಂದು ಹೆಸರಿಟ್ಟರು. ಮುಂದೆ ಅದು ಮಿದುಳಿನಲ್ಲಿಯೂ ದೊರೆಯಿತು. ಎಲ್‌ಎಸ್‌ಡಿ ಎಂಬ ಪದಾರ್ಥವು ಸೇವಿಸಿದವರಿಗೆ ಇಲ್ಲದ್ದನ್ನು ಇದ್ದಂತೆ ತೋರಿಸುವುದಷ್ಟೆ. ಅದರ ರಚನೆಯು ಸೆರೊಟೋನಿನ್ನನ್ನು ಹೋಲುವುದನ್ನು ಗಮನಿಸಿದ ವುಲಿ ಮತ್ತು ಷಾ, ಚಿತ್ತವಿಕಾರದ ಬೇರು ಇಲ್ಲಿರಬಹುದೆಂದು 1954ರಲ್ಲಿ ಸೂಚಿಸಿದರು.

ಹಾಗಾದರೆ ನೆತ್ತರಿನ ಸೆರೊಟೋನಿನ್ನನ್ನೇ ಅಳೆದರೆ ಸಾಲದೆ? ಸಾಲದು. ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. (ಹೊಟ್ಟೆಗೂ ಮನಸ್ಸಿಗೂ ನಂಟುಂಟೆಂಬುದು ನಮ್ಮ ಹೋಟೆಲ್ ಬಂಧುಗಳಿಗೆ ಹೊಸ ಸಂಗತಿಯಲ್ಲ!) ಆದರೆ ಕರುಳಿನದು ಮಿದುಳಿಗೆ ಸೇರದು, ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಆದುದರಿಂದ ಸಂಶೋಧಕರು ಬಳಸುದಾರಿಯೊಂದನ್ನು ಹಿಡಿದರು. ಮಿದುಳಿನಲ್ಲಿ ಸೆರೊಟೋನಿನ್ ಹೆಚ್ಚಿದರೆ, ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನನ್ನು ನೆತ್ತರಿಗೆ ಬಿಡುತ್ತದೆ. ಫೆನ್‌ಫ್ಲುರಮಿನ್ ಎಂಬ ಔಷಧವನ್ನು ಕೊಟ್ಟು ಸೆರೊಟೋನಿನ್ನನ್ನು ಕೆರಳಿಸುವುದು, ಬಳಿಕ ಕೆಲವು ಗಂಟೆಗಳ ಕಾಲ ಪ್ರೋಲ್ಯಾಕ್ಟಿನ್ ಎಷ್ಟು ಏರಿತೆಂದು ಅಳೆಯುವುದು: ಕತ್ತಲ ಬಾವಿಗೆ ಕಲ್ಲೆಸೆದು ಸದ್ದನ್ನು ಆಲಿಸಿ ಆಳವನ್ನು ಊಹಿಸಿದಂತೆ. ಆದರೆ ಸದ್ದು ಎಲ್ಲರಿಗೂ ಒಂದೇ ತೆರನಾಗಿ ಕೇಳಿಸಲಿಲ್ಲ. ಕೆಲವರು ರೋಗಿಗಳಲ್ಲಿ ಏರಿಕೆ ಕುಗ್ಗಿದುದನ್ನು ಕಂಡರು. ಇನ್ನು ಕೆಲವರಿಗೆ ವ್ಯತ್ಯಾಸವೇ ತೋರಲಿಲ್ಲ. ಫೆನ್‌ಫ್ಲುರಮಿನ್ ಹೃದಯದ ಕವಾಟಗಳನ್ನು ಕೆಡಿಸುವುದೆಂದು ತಿಳಿದು 1997ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಸ್ಕಿಜೋಫ್ರೀನಿಯವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ರೋಗಿಯ ಮಾತು, ನಡೆಗಳೇ ವೈದ್ಯರಿಗೆ ಆಧಾರ.

ಆದರೆ ಪ್ರೋಲ್ಯಾಕ್ಟಿನ್ನಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದನ್ನು ಅಂಕೆಯಲ್ಲಿಡುವುದು ಡೋಪಮಿನ್ ಎಂಬ ಇನ್ನೊಂದು ವಸ್ತು. ಈ ರೋಗದ ಅನೇಕ ಮಾತ್ರೆಗಳು ಡೋಪಮಿನ್ನನ್ನು ತಡೆಯುವುದರಿಂದ ಪ್ರೋಲ್ಯಾಕ್ಟಿನ್ ಏರುತ್ತದೆ. ಆಗ ಸ್ತ್ರೀಯರಲ್ಲಿ ಮುಟ್ಟು ನಿಲ್ಲುವುದು, ಹೆರದೆಯೇ ಹಾಲು ಒಸರುವುದು. ಗಂಡಸರಲ್ಲಿ ಎದೆ ಊದುವುದು, ಕಾಮಾಸಕ್ತಿ ಕುಂದುವುದು ಉಂಟು. ಇದನ್ನು ಯಾರ ಬಳಿ ಹೇಳುವುದು? ಊರಿನಿಂದ ದೂರವಿದ್ದು, ನಾಲ್ಕಾರು ಜನರೊಡನೆ ಒಂದೇ ಖೋಲಿಯಲ್ಲಿ ಮಲಗುವ ತರುಣನು ನಾಚಿಕೆಯಿಂದ ಸದ್ದಿಲ್ಲದೆ ಮಾತ್ರೆಯನ್ನು ಬಿಡುತ್ತಾನೆ. ಹಲವು ವಾರಗಳ ಮೇಲೆ ದನಿಗಳು ಮರಳಿದಾಗ, ಔಷಧವೇ ನಿಷ್ಫಲವಾಯಿತೆಂದು ಜೊತೆಯವರು ಭಾವಿಸುತ್ತಾರೆ.

ವೈದ್ಯರಿಗೆ ಹೇಳಿದರೆ ದಾರಿಯುಂಟು. ಅವರು ಪ್ರೋಲ್ಯಾಕ್ಟಿನ್ನನ್ನು ಅಳೆಯಿಸಿ ಪ್ರಮಾಣವನ್ನು ಇಳಿಸಬಹುದು, ಇಲ್ಲವೆ ಮಾತ್ರೆಯನ್ನೇ ಬದಲಿಸಬಹುದು. ಸೆರೊಟೋನಿನ್ನಿನ ಕೆಲವು ಗ್ರಾಹಕಗಳನ್ನು ಬಲವಾಗಿ ತಡೆಯುವ ಕ್ಲೋಜಪಿನ್ ಎಂಬ ಔಷಧವು ಪ್ರೋಲ್ಯಾಕ್ಟಿನ್ನನ್ನು ಹೆಚ್ಚಾಗಿ ಏರಿಸದು. ಬೇರೆ ಮದ್ದುಗಳಿಗೆ ಬಗ್ಗದ ರೋಗಿಗಳಲ್ಲಿ ಅದರ ಗುಣವು 1988ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಸಿದ್ಧವಾಯಿತು. ಅದು ಬಿಳಿಯ ರಕ್ತಕಣಗಳನ್ನು ಅಪಾಯಕರವಾಗಿ ಕುಗ್ಗಿಸಬಹುದಾದ್ದರಿಂದ, ಸೇವಿಸುವವರು ಆಗಾಗ ನೆತ್ತರನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ.